ಚಿತ್ರದೊಳಗೆ ಉಳಿದ ಊರು

ಟೋಕಿಯೊ ಮಹಾನಗರದ ಯೊತ್ಸುಯಾ ಬಡಾವಣೆಯಲ್ಲಿ ಸುಗಾ ಎಂಬ ಶಿಂಟೊ ದೇಗುಲವೊಂದಿದೆ. ದೊಡ್ಡ ದೇಗುಲವೇನಲ್ಲ. ಸುತ್ತ ಮಧ್ಯಮ ವರ್ಗದವರ ಮನೆಗಳು, ಇಕ್ಕಟ್ಟಾದ ಓಣಿಗಳು. ಓಣಿಯಿಂದ ದೇಗುಲದ ಕಡೆಗೆ ಹತ್ತುವ ಕಲ್ಲಿನ ಮೆಟ್ಟಿಲುಗಳು, ಅವುಗಳ ನಡುವೆ ಕೆಂಪು ಬಣ್ಣ ಬಳಿದ ಕಂಬಿ. 2016ರ ತನಕ ಈ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದವರು ಹೆಚ್ಚಾಗಿ ಆ ಬಡಾವಣೆಯವರೇ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಮಕೊತೊ ಶಿನ್ಕಾಯ್ ನಿರ್ದೇಶನದ 'ಕಿಮಿ ನೊ ನಾ ವಾ' ಎಂಬ ಅನಿಮೇಷನ್ ಚಿತ್ರ ತೆರೆ ಕಂಡಿತು. 'ನಿನ್ನ ಹೆಸರೇನು' ಎಂದು ಕೇಳುವ ಧಾಟಿಯ ಹೆಸರು ಅದು. ಒಬ್ಬರನ್ನೊಬ್ಬರು ಹುಡುಕುತ್ತಿರುವ ಹುಡುಗ, ಹುಡುಗಿ ಚಿತ್ರದ ಕೊನೆಯಲ್ಲಿ ಎದುರಾಗುವುದು ಇದೇ ಮೆಟ್ಟಿಲುಗಳ ಮೇಲೆ. ಅಂದಿನಿಂದ ಇಂದಿನವರೆಗೆ ಇಲ್ಲಿಗೆ ಬರುವವರ ಸಾಲು ನಿಂತಿಲ್ಲ. ಒಬ್ಬರು ಮೇಲೆ ನಿಲ್ಲುತ್ತಾರೆ, ಇನ್ನೊಬ್ಬರು ಕೆಳಗೆ. ಮೂರನೆಯವರು ಫೋಟೊ ತೆಗೆಯುತ್ತಾರೆ.

ಇಂತಹ ಪ್ರವಾಸಕ್ಕೆ ಜಪಾನೀಯರು ಇಟ್ಟಿರುವ ಹೆಸರು 'ಸೆಯ್ಚಿ ಜುನ್ರೆಯ್'. ಪುಣ್ಯಕ್ಷೇತ್ರಗಳ ಯಾತ್ರೆ ಎಂದೇ ಅದರ ಅರ್ಥ. ಮಾತು ಮೂಲತಃ ಧರ್ಮದ್ದು. ಶಿಕೊಕು ದ್ವೀಪದಲ್ಲಿ ಬೌದ್ಧ ಸಂತ ಕೂಕಾಯ್ ಹೆಸರಿನಲ್ಲಿ 88 ದೇವಾಲಯಗಳನ್ನು ಕಾಲ್ನಡಿಗೆಯಲ್ಲಿ ಸುತ್ತುವ ಸಂಪ್ರದಾಯ ಶತಮಾನಗಳಿಂದ ನಡೆದು ಬಂದಿದೆ. ಅದೇ ಪದವನ್ನು ಚಿತ್ರಪ್ರೇಮಿಗಳು ಮೊದಮೊದಲು ತಮಾಷೆಗೆ ಬಳಸಿದ್ದಿರಬೇಕು. ತಮಾಷೆ ಬರಬರುತ್ತ ಗಂಭೀರವಾಯಿತು. 2016ರಲ್ಲಿ ಈ ಪದ ಜಪಾನಿನಲ್ಲಿ ವರ್ಷದ ಹತ್ತು ಜನಪ್ರಿಯ ಮಾತುಗಳ ಪಟ್ಟಿಗೆ ಸೇರಿತು. ಅದೇ ವರ್ಷ ಹುಟ್ಟಿಕೊಂಡ ಅನಿಮೆ ಪ್ರವಾಸೋದ್ಯಮ ಸಂಘವೊಂದು ತಾನೂ 88 ಕ್ಷೇತ್ರಗಳನ್ನು ಆರಿಸಿ ಪ್ರಕಟಿಸತೊಡಗಿತು. ಎಂಬತ್ತೆಂಟರ ಲೆಕ್ಕ ಎಲ್ಲಿಂದ ಬಂದದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕೈಯಿಂದ ಬರೆದ ಚಿತ್ರಕ್ಕೆ ನಿಜವಾದ ಊರು ಏಕೆ ಬೇಕು ಎಂಬ ಪ್ರಶ್ನೆ ಸಹಜ. ಕ್ಯಾಮೆರಾ ಇಟ್ಟು ತೆಗೆಯುವ ಸಿನಿಮಾಕ್ಕಾದರೆ ಬೀದಿ ಬೇಕು, ಮನೆ ಬೇಕು. ಕಾಗದದ ಮೇಲೆ ಬರೆಯುವವನು ಇಲ್ಲದ ಊರನ್ನೂ ಕಟ್ಟಬಲ್ಲ. ಆದರೆ ಜಪಾನಿನ ಕೆಲವು ನಿರ್ದೇಶಕರು ಬೇರೆ ದಾರಿ ಹಿಡಿದರು. 1974ರಲ್ಲಿ ಪ್ರಸಾರವಾದ 'ಹೈಡಿ' ಟಿ.ವಿ. ಧಾರಾವಾಹಿಗಾಗಿ ಇಸಾವೊ ತಕಾಹಾತಾ, ಹಯಾವೊ ಮಿಯಾಜಾಕಿ ಮತ್ತವರ ಸಂಗಡಿಗರು ಅದರ ಹಿಂದಿನ ವರ್ಷವೇ ಸ್ವಿಟ್ಜರ್ಲೆಂಡಿಗೆ ಹೋಗಿ ಬೆಟ್ಟ, ಹುಲ್ಲುಗಾವಲು, ಮರದ ಮನೆಗಳನ್ನೆಲ್ಲ ನೋಡಿ, ಬರೆದುಕೊಂಡು ಬಂದರು. ಮಕ್ಕಳ ಧಾರಾವಾಹಿಗೆ ಇಷ್ಟು ಖರ್ಚೇ ಎಂದು ಹುಬ್ಬೇರಿಸುವ ಕಾಲ ಅದು. ಹೀಗೆ ಸ್ಥಳ ನೋಡಿ ಬರುವುದಕ್ಕೆ ಆ ಉದ್ಯಮದಲ್ಲಿ 'ರೊಕೆಹಾನ್' ಎನ್ನುತ್ತಾರೆ. ಲೊಕೇಷನ್ ಹಂಟಿಂಗ್ ಎಂಬ ಇಂಗ್ಲಿಷ್ ಮಾತು ಜಪಾನೀಯರ ಬಾಯಲ್ಲಿ ಆ ರೂಪ ಪಡೆಯಿತು. ಕಲಾವಿದ ರೊಕೆಹಾನ್‌ಗೆ ಹೋಗಿ ಬಂದ ದಾರಿಯಲ್ಲೇ ಪ್ರೇಕ್ಷಕ ಮರಳಿ ನಡೆಯುವುದು ಈ ಯಾತ್ರೆ ಎನ್ನಬಹುದು.

ಮಿಯಾಜಾಕಿ, ತಕಾಹಾತಾ ಮುಂದೆ ಕಟ್ಟಿದ ಘಿಬ್ಲಿ ಸ್ಟುಡಿಯೊದ ಚಿತ್ರಗಳಲ್ಲಿ ಟೋಕಿಯೊದ ಪಶ್ಚಿಮ ಹೊರವಲಯ ಮತ್ತೆ ಮತ್ತೆ ಬರುತ್ತದೆ. 1960ರ ದಶಕದಲ್ಲಿ ಸರ್ಕಾರ ತಾಮಾ ಗುಡ್ಡಗಳನ್ನು ಕಡಿದು ಹೊಸ ನಗರ ನಿರ್ಮಿಸಲು ಹೊರಟಿತು. 1971ರಲ್ಲಿ ಮೊದಲ ನಿವಾಸಿಗಳು ಬಂದರು. ಆ ಗುಡ್ಡಗಳ ತನುಕಿ ಎಂಬ ಕಾಡುಪ್ರಾಣಿಗಳು ಬುಲ್‌ಡೋಜರ್‌ಗಳ ವಿರುದ್ಧ ಹೂಡುವ ಯುದ್ಧವೇ ತಕಾಹಾತಾ ಅವರ 1994ರ 'ಪೊಂಪೊಕೊ'. ನಗುತ್ತ ನೋಡಬೇಕಾದ ಚಿತ್ರ, ಆದರೆ ಕೊನೆಗೆ ನಗು ಉಳಿಯುವುದಿಲ್ಲ. ಮರುವರ್ಷ ಯೊಶಿಫುಮಿ ಕೊಂದೊ ನಿರ್ದೇಶಿಸಿದ 'ಮಿಮಿ ಒ ಸುಮಸೆಬಾ' ಬಂದಿತು. ಇದರ ಕಥೆ ನಡೆಯುವುದೂ ಅದೇ ಪ್ರದೇಶದಲ್ಲಿ, ಕೆಯ್ಓ ರೈಲು ಮಾರ್ಗದ ಸೆಯ್ಸೆಕಿ ಸಕುರಗಾವೊಕಾ ನಿಲ್ದಾಣದ ಸುತ್ತ. ನಿಲ್ದಾಣದಿಂದ ಗುಡ್ಡ ಹತ್ತುವ ಅಂಕುಡೊಂಕಿನ ರಸ್ತೆ, ಅದನ್ನು ಅಡ್ಡಹಾಯುವ ಮೆಟ್ಟಿಲುಗಳು, ಮೇಲೆ ತಲುಪಿದಾಗ ಸಿಗುವ ವೃತ್ತ, ಇವೆಲ್ಲ ಚಿತ್ರದಲ್ಲಿ ಇದ್ದಂತೆಯೇ ಇವೆ. ಚಿತ್ರದ ಹಳೆಯ ಸಾಮಾನಿನ ಅಂಗಡಿ ಮಾತ್ರ ಇಲ್ಲ. ಹುಡುಕಿ ಬಂದವರು ವೃತ್ತದ ಬಳಿ ನಿಂತು ನೋಡಿ ಹಿಂದಿರುಗುತ್ತಾರೆ. 2012ರಿಂದ ಆ ನಿಲ್ದಾಣಕ್ಕೆ ರೈಲು ಬರುವಾಗ ಕೇಳಿಸುವುದು ಚಿತ್ರದ ಹಾಡಿನ ರಾಗ. ಕೊಂದೊ 1998ರಲ್ಲಿ, 47ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಪೂರ್ಣಾವಧಿಯ ಚಿತ್ರವೆಂದು ನಿರ್ದೇಶಿಸಿದ್ದು ಇದೊಂದನ್ನೇ.

ಚಿತ್ರವೊಂದು ನೆಲವನ್ನು ಉಳಿಸಿದ ಉದಾಹರಣೆಯೂ ಆ ಕಡೆಯದೇ. ಟೋಕಿಯೊ ಮತ್ತು ಸೈತಾಮಾ ಪ್ರಾಂತಗಳ ಗಡಿಯ ಸಯಾಮಾ ಗುಡ್ಡಗಳು 1988ರ 'ತೊತೊರೊ' ಚಿತ್ರದ ಹಿನ್ನೆಲೆಗಳಲ್ಲಿ ಒಂದು. ಅಲ್ಲಿನ ಕಾಡು ಸೈಟುಗಳಾಗಿ ಹರಿದು ಹೋಗುವುದನ್ನು ತಡೆಯಲು 1990ರಲ್ಲಿ ನಾಗರಿಕರು ಒಂದು ನಿಧಿ ಆರಂಭಿಸಿದರು. ಮಿಯಾಜಾಕಿ ತಮ್ಮ ತೊತೊರೊನ ಹೆಸರನ್ನು ಅದಕ್ಕೆ ಬಳಸಲು ಒಪ್ಪಿದರು. 1991ರಲ್ಲಿ ಮೊದಲ ತುಂಡು ಕಾಡನ್ನು ಚಂದಾ ಹಣದಿಂದ ಕೊಳ್ಳಲಾಯಿತು. ಈಗ ಅಂತಹ 50ಕ್ಕೂ ಹೆಚ್ಚು ತುಂಡುಗಳಿವೆ. ಒಂದೊಂದಕ್ಕೂ 'ತೊತೊರೊನ ಕಾಡು' ಎಂಬ ಹೆಸರು, ಜೊತೆಗೊಂದು ಸಂಖ್ಯೆ.

ಎಲ್ಲ ಕ್ಷೇತ್ರಗಳೂ ಇಷ್ಟು ಖರೆಯವಲ್ಲ. ತೈವಾನಿನ ಬೆಟ್ಟದ ಊರು ಜಿಯುಫೆನ್‌ನಲ್ಲಿ ಕೆಂಪು ದೀಪಗಳ ಚಹಾ ಮನೆಯೊಂದನ್ನು 'ಸ್ಪಿರಿಟೆಡ್ ಅವೇ' ಚಿತ್ರದ ಸ್ನಾನಗೃಹದ ಮೂಲವೆಂದು ತೋರಿಸುತ್ತಾರೆ. ಮಿಯಾಜಾಕಿ ಅದನ್ನು ಅಲ್ಲಗಳೆದಿದ್ದಾರೆ. ಅವರ ಸ್ಟುಡಿಯೊ ಇರುವ ಕೊಗಾನೆಯ್ ಪಟ್ಟಣದಲ್ಲಿಯೇ ಟೋಕಿಯೊದ ಹಳೆಯ ಕಟ್ಟಡಗಳನ್ನು ತಂದು ನಿಲ್ಲಿಸಿದ ಬಯಲು ವಸ್ತುಸಂಗ್ರಹಾಲಯವೊಂದಿದೆ. ಅಲ್ಲಿನ ಲೇಖನ ಸಾಮಗ್ರಿ ಅಂಗಡಿಯ ಗೋಡೆ ತುಂಬ ಪುಟ್ಟ ಪುಟ್ಟ ಮರದ ಖಾನೆಗಳು. ಚಿತ್ರದಲ್ಲಿ ಆರು ಕೈಗಳ ಮುದುಕ ಗಿಡಮೂಲಿಕೆ ತೆಗೆಯುವ ಖಾನೆಗಳು ಹುಟ್ಟಿದ್ದು ಇಲ್ಲಿ. ಆದರೂ ಜಿಯುಫೆನ್‌ಗೆ ಹೋಗುವವರು ಹೋಗುತ್ತಲೇ ಇದ್ದಾರೆ. ಸ್ಥಳಪುರಾಣಗಳು ಹುಟ್ಟುವ ಬಗೆಯೇ ಹೀಗೆ. ಕರ್ತೃ ಬಂದು ಅಲ್ಲವೆಂದರೂ ಕೇಳುವವರಿಲ್ಲ.

ಇನ್ನು ಜನಜಂಗುಳಿಯ ತೊಂದರೆ. ಕಾಮಾಕುರಾ ನಗರದ ಪ್ರೌಢಶಾಲೆಯೊಂದರ ಪಕ್ಕದ ರೈಲ್ವೆ ಗೇಟು 'ಸ್ಲಾಮ್ ಡಂಕ್' ಎಂಬ 1993ರ ಟಿ.ವಿ. ಸರಣಿಯ ಆರಂಭದ ದೃಶ್ಯದಲ್ಲಿ ಬರುತ್ತದೆ. 2022ರ ಕೊನೆಯಲ್ಲಿ ಅದೇ ಕಥೆಯ ಚಲನಚಿತ್ರ ಬಂದ ಮೇಲೆ ಏಷ್ಯಾದ ನಾನಾ ದೇಶಗಳಿಂದ ಬಂದವರು ನಡುರಸ್ತೆಯಲ್ಲಿ ನಿಂತು ಫೋಟೊ ತೆಗೆಯುವುದು, ವಾಹನಗಳು ನಿಲ್ಲುವುದು, ಮನೆಗಳವರು ಬೇಸರಪಡುವುದು ದಿನನಿತ್ಯದ ಮಾತಾಯಿತು. ಕೊನೆಗೆ ಜನರನ್ನು ಸರಿಸಲು ಕಾವಲುಗಾರರನ್ನು ನಿಲ್ಲಿಸಬೇಕಾಯಿತು. ಊರಿನವರಿಗೆ ಅದು ಬರೀ ರೈಲ್ವೆ ಗೇಟು.

ಬಂದರಿನ ಮೊಕದ್ದಮೆ

ಒಸಾಕಾದಿಂದ ಪಶ್ಚಿಮಕ್ಕೆ, ಸೆಟೊ ಒಳನಾಡು ಕಡಲಿನ ದಂಡೆಯಲ್ಲಿ ತೊಮೊನೊಉರಾ ಎಂಬ ಪುರಾತನ ಬಂದರಿದೆ. ಈಗ ಅದು ಹಿರೋಶಿಮಾ ಪ್ರಾಂತದ ಫುಕುಯಾಮಾ ನಗರಕ್ಕೆ ಸೇರಿದ್ದು. ಪೂರ್ವದಿಂದಲೂ ಪಶ್ಚಿಮದಿಂದಲೂ ನುಗ್ಗುವ ಉಬ್ಬರ ಇಲ್ಲಿಗೆ ಬಂದು ಕೂಡುತ್ತದೆ. ಇಳಿತದಲ್ಲಿ ಇಲ್ಲಿಂದಲೇ ಎರಡೂ ಕಡೆಗೆ ಹರಿಯುತ್ತದೆ. ಹಾಯಿ ಹಡಗುಗಳ ಕಾಲದಲ್ಲಿ ನಾವಿಕರು ಉಬ್ಬರದಲ್ಲಿ ಬಂದು, ಇಳಿತಕ್ಕಾಗಿ ಇಲ್ಲಿ ಕಾಯಲೇಬೇಕು. ಕಾಯುವವರಿಂದಲೇ ಊರು ಬೆಳೆಯಿತು. 1859ರಲ್ಲಿ ನಿಲ್ಲಿಸಿದ ಕಲ್ಲಿನ ದೀಪಸ್ತಂಭ, ನೀರಿನ ಮಟ್ಟ ಏರಿದರೂ ಇಳಿದರೂ ಸರಕು ಇಳಿಸಲಾಗುವಂತಹ ಮೆಟ್ಟಿಲುಗಟ್ಟೆ, ಅಲೆತಡೆ, ದೋಣಿಗಳ ತಳ ಸುಟ್ಟು ಸ್ವಚ್ಛ ಮಾಡುವ ಜಾಗ, ಹಡಗು ಕಾವಲಿನ ಠಾಣೆ, ಹೀಗೆ ಎದೊ ಕಾಲದ ಬಂದರಿನ ಐದೂ ಅಂಗಗಳು ಒಟ್ಟಿಗೆ ಉಳಿದಿರುವುದು ಜಪಾನಿನಲ್ಲಿ ಇಲ್ಲೊಂದೇ ಕಡೆ ಎನ್ನುತ್ತಾರೆ. ಕೊರಿಯಾದ ರಾಜದೂತರು ಇಳಿದುಕೊಳ್ಳುತ್ತಿದ್ದ ಮಂದಿರ ಇಲ್ಲಿದೆ. 1867ರಲ್ಲಿ ಕ್ರಾಂತಿಕಾರಿ ಸಕಾಮೊತೊ ರ್‍ಯೋಮಾ ಪ್ರಯಾಣಿಸುತ್ತಿದ್ದ ಹಡಗು ಇನ್ನೊಂದಕ್ಕೆ ಡಿಕ್ಕಿ ಹೊಡೆದಾಗ, ಪರಿಹಾರದ ಮಾತುಕತೆ ನಡೆದದ್ದೂ ಇಲ್ಲಿಯೇ.

ಊರು ಹಳೆಯದಾದಷ್ಟೂ ಬೀದಿ ಕಿರಿದು. ಎರಡು ಕಾರು ಎದುರಾದರೆ ಒಂದು ಹಿಂದಕ್ಕೆ ಸರಿಯಬೇಕು. ಆಂಬುಲೆನ್ಸ್ ಬಂದರೂ ಅದೇ ಗತಿ. ಇದಕ್ಕೆ ಪರಿಹಾರವೆಂದು ಪ್ರಾಂತದ ಆಡಳಿತ 1983ರಲ್ಲಿ ಒಂದು ಯೋಜನೆ ರೂಪಿಸಿತು. ಬಂದರಿನ ಒಂದಷ್ಟು ಭಾಗಕ್ಕೆ ಮಣ್ಣು ತುಂಬಿಸಿ, ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಸೇತುವೆ ಕಟ್ಟುವುದು. ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಊರು ಎರಡಾಯಿತು. ಸೇತುವೆ ಬೇಕೆಂದವರೆಲ್ಲ ಕಂತ್ರಾಟುದಾರರ ಕಡೆಯವರು ಎಂದು ತಿಳಿಯುವುದು ಅನ್ಯಾಯ. ದಿನವೂ ಆ ಬೀದಿಯಲ್ಲಿ ಓಡಾಡುವ ಮುದುಕರು, ಮಕ್ಕಳಿರುವ ತಾಯಂದಿರು ಅವರಲ್ಲಿದ್ದರು. ನೋಡಲು ಬರುವವನಿಗೆ ಕಿರಿದಾದ ಬೀದಿ ಚೆಂದ, ಇರುವವನಿಗೆ ಅಲ್ಲ.

ಈ ಜಗಳದ ನಡುವೆ ಬಂದವರು ಮಿಯಾಜಾಕಿ. 2004ರಲ್ಲಿ ಘಿಬ್ಲಿ ಸ್ಟುಡಿಯೊದ ಸಿಬ್ಬಂದಿ ಇಲ್ಲಿಗೆ ಪ್ರವಾಸ ಬಂದಿದ್ದರು. ಊರು ಮಿಯಾಜಾಕಿಯವರಿಗೆ ಹಿಡಿಸಿತು. ಮರುವರ್ಷ ಕಡಲಿಗೆ ಮುಖ ಮಾಡಿದ ಮನೆಯೊಂದರಲ್ಲಿ ಸುಮಾರು ಎರಡು ತಿಂಗಳು ಒಬ್ಬರೇ ಉಳಿದರು. 2008ರಲ್ಲಿ ಬಂದ 'ಪೊನ್ಯೊ' ಹೊಳೆದದ್ದು ಅಲ್ಲಿ. ಬಂಡೆಯ ಮೇಲಿನ ಒಂಟಿ ಮನೆ, ಮನುಷ್ಯಳಾಗಲು ಹಂಬಲಿಸುವ ಮೀನಿನ ಮರಿ, ಉಕ್ಕಿ ಬಂದು ಊರನ್ನು ಮುಳುಗಿಸುವ ಕಡಲು. ಚಿತ್ರದಲ್ಲಿ ಊರಿನ ಹೆಸರು ತೊಮೊನೊಉರಾ ಅಲ್ಲ. ಆದರೆ ನೋಡಿದವರು ಗುರುತು ಹಿಡಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಚಿತ್ರ ಬರುವ ಮೊದಲೇ, 2007ರಲ್ಲಿ, ಸೇತುವೆ ವಿರೋಧಿಸಿದ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಆದುದರಿಂದ ಚಿತ್ರದಿಂದಲೇ ಊರು ಉಳಿಯಿತೆನ್ನುವುದು ಉತ್ಪ್ರೇಕ್ಷೆ. ಆದರೆ ಸ್ಥಳೀಯ ತಂಟೆಯೊಂದು ದೇಶದ ಕಣ್ಣಿಗೆ ಬಿದ್ದದ್ದರಲ್ಲಿ ಪೊನ್ಯೊಳ ಪಾಲಿದೆ. 2009ರ ಅಕ್ಟೋಬರ್ 1ರಂದು ಹಿರೋಶಿಮಾ ಜಿಲ್ಲಾ ನ್ಯಾಯಾಲಯ ತೀರ್ಪು ನೀಡಿತು. ತೊಮೊನೊಉರಾದ ದೃಶ್ಯಸೌಂದರ್ಯ ಇಡೀ ರಾಷ್ಟ್ರದ ಆಸ್ತಿ, ಒಮ್ಮೆ ಕೆಟ್ಟರೆ ಮತ್ತೆ ಕಟ್ಟಲಾಗದು, ಆದ್ದರಿಂದ ಕೊಲ್ಲಿಗೆ ಮಣ್ಣು ತುಂಬಲು ಗವರ್ನರ್ ಅನುಮತಿ ಕೊಡಬಾರದು ಎಂಬುದು ತೀರ್ಪಿನ ಸಾರ. ನೋಟವೊಂದನ್ನು ಕಾಪಾಡಲು ನ್ಯಾಯಾಲಯ ಸರ್ಕಾರಿ ಕಾಮಗಾರಿಯನ್ನು ಆರಂಭಕ್ಕೆ ಮುನ್ನವೇ ತಡೆದದ್ದು ಜಪಾನಿನಲ್ಲಿ ದೊಡ್ಡ ಸುದ್ದಿಯಾಯಿತು. ಮಿಯಾಜಾಕಿ ತೀರ್ಪನ್ನು ಸ್ವಾಗತಿಸಿದರು. ಪ್ರಾಂತದ ಆಡಳಿತ ಮೊದಲು ಮೇಲ್ಮನವಿ ಸಲ್ಲಿಸಿತು. ಆದರೆ ಹೊಸ ಗವರ್ನರ್ 2012ರಲ್ಲಿ ಸೇತುವೆಯನ್ನು ಕೈಬಿಟ್ಟು ಬೆಟ್ಟದೊಳಗೆ ಸುರಂಗ ಕೊರೆಯುವ ದಾರಿ ಹಿಡಿದರು. ಮೊಕದ್ದಮೆ 2016ರಲ್ಲಿ ಮುಗಿಯಿತು. 2017ರಲ್ಲಿ ಊರಿನ ಹಳೆಯ ಮನೆಗಳ ಪ್ರದೇಶಕ್ಕೆ ರಾಷ್ಟ್ರೀಯ ಸಂರಕ್ಷಣೆಯ ಮಾನ್ಯತೆ ದೊರೆಯಿತು.

ಸುಟ್ಟ ಊರುಗಳ ದಾರಿ

ಉಳಿದ ಊರಿಗೆ ಹೋಗಿ ನೋಡುವುದು ಒಂದು ಬಗೆ. ಅಳಿದ ಊರಿಗೆ ಹೋಗುವವರೂ ಇದ್ದಾರೆ.

'ತೊತೊರೊ' ಬಿಡುಗಡೆಯಾದ 1988ರ ಏಪ್ರಿಲ್ 16ರಂದೇ, ಅದೇ ಟಿಕೆಟ್ಟಿಗೆ ಜೋಡಿಯಾಗಿ ತಕಾಹಾತಾ ಅವರ 'ಹೊತಾರು ನೊ ಹಾಕಾ' ತೆರೆ ಕಂಡಿತ್ತು. ಮಿಂಚುಹುಳುಗಳ ಗೋರಿ ಎಂದು ಅರ್ಥ. 1945ರ ಜೂನ್ 5ರ ಬಾಂಬ್ ದಾಳಿಯಲ್ಲಿ ಕೋಬೆ ನಗರ ಸುಟ್ಟಾಗ ತಾಯಿಯನ್ನು ಕಳೆದುಕೊಂಡ ಅಣ್ಣ, ಪುಟ್ಟ ತಂಗಿ ಹಸಿವಿನಿಂದ ಸಾಯುವ ಕಥೆ. ಮೂಲ ಕಥೆ ಬರೆದ ಅಕಿಯುಕಿ ನೊಸಾಕಾ ಆ ದಾಳಿಯಿಂದ ಬದುಕಿ ಉಳಿದವರು. ಅವರ ಪುಟ್ಟ ಸಾಕುತಂಗಿ ಅನ್ನವಿಲ್ಲದೆ ಸತ್ತಿದ್ದಳು. ತಕಾಹಾತಾ ಕೂಡ ಒಂಬತ್ತನೆಯ ವಯಸ್ಸಿನಲ್ಲಿ ಒಕಾಯಾಮಾ ನಗರದ ಮೇಲಿನ ದಾಳಿಯಲ್ಲಿ ಓಡಿ ಬದುಕಿದವರು. ಚಿತ್ರದಲ್ಲಿ ಸುಟ್ಟ ಬಯಲಿನ ನಡುವೆ ನಿಂತಿರುವ ಮಿಕಾಗೆ ಸಾರ್ವಜನಿಕ ಭವನ 1933ರಲ್ಲಿ ಕಟ್ಟಿದ್ದು. ಅದು ಯುದ್ಧವನ್ನೂ, 1995ರ ಜನವರಿ 17ರ ಭೂಕಂಪವನ್ನೂ ದಾಟಿ ಇಂದಿಗೂ ಇದೆ. ನೊಸಾಕಾ ಆಶ್ರಯ ಪಡೆದಿದ್ದ ನಿಶಿನೋಮಿಯಾ ಪಟ್ಟಣದಲ್ಲಿ ಆ ಕಥೆಯ ನೆನಪಿಗೆ 2020ರಲ್ಲಿ ಒಂದು ಶಿಲಾಫಲಕ ನಿಲ್ಲಿಸಿದರು. ಈ ದಾರಿಯಲ್ಲಿ ನಡೆಯುವವರು ಸುಗಾ ದೇಗುಲದ ಮೆಟ್ಟಿಲಿನಲ್ಲಿ ನಿಲ್ಲುವವರಂತೆ ನಗುತ್ತ ಫೋಟೊ ತೆಗೆಸಿಕೊಳ್ಳುವುದು ಕಷ್ಟ.

ಕೋಬೆಯಿಂದ ರೈಲಿನಲ್ಲಿ ಇನ್ನೂ ಪಶ್ಚಿಮಕ್ಕೆ ಹೋದರೆ ಹಿರೋಶಿಮಾ. ಅದರ ಆಗ್ನೇಯಕ್ಕೆ ಕಡಲ ದಂಡೆಯ ಮೇಲೆ ಕುರೆ. ಅಲ್ಲಿ ನೌಕಾಪಡೆಯ ದೊಡ್ಡ ಹಡಗುಕಟ್ಟೆ ಇತ್ತು. ಜಪಾನಿನ ಅತಿ ದೊಡ್ಡ ಯುದ್ಧನೌಕೆ ಯಮಾತೊ ತಯಾರಾದದ್ದು ಅಲ್ಲಿ. ಹಿರೋಶಿಮಾದಲ್ಲಿ 1968ರಲ್ಲಿ ಹುಟ್ಟಿದ ಫುಮಿಯೊ ಕೊನೊ ಎಂಬಾಕೆ 2007ರಿಂದ 2009ರ ತನಕ ಈ ಎರಡು ಊರುಗಳ ನಡುವಿನ ಒಂದು ಚಿತ್ರಕಥೆಯನ್ನು ಪತ್ರಿಕೆಯಲ್ಲಿ ಬರೆದರು. 'ಈ ಜಗತ್ತಿನ ಮೂಲೆಯೊಂದರಲ್ಲಿ' ಎಂಬುದು ಹೆಸರಿನ ಭಾವಾರ್ಥ. ಹಿರೋಶಿಮಾದ ಎಬಾ ಎಂಬ ದಂಡೆಯ ಹುಡುಗಿ ಸುಜು 1944ರಲ್ಲಿ ಮದುವೆಯಾಗಿ ಕುರೆಗೆ ಬರುತ್ತಾಳೆ. ಅಡುಗೆ, ಪಡಿತರದ ಸಾಲು, ಹೊಲಿಗೆ, ಅತ್ತೆಮನೆ, ಸೈರನ್. ಯುದ್ಧದ ಕಥೆ ಎನ್ನುವುದಕ್ಕಿಂತ ಯುದ್ಧದ ಕಾಲದ ಸಂಸಾರದ ಕಥೆ. ಕುರೆಯ ಮೇಲೆ 1945ರ ಜೂನ್, ಜುಲೈ ತಿಂಗಳುಗಳಲ್ಲಿ ಬಿದ್ದ ಬಾಂಬುಗಳೂ, ಗುಡ್ಡದ ಆಚೆ ಆಗಸ್ಟ್ 6ರಂದು ಎದ್ದ ಮೋಡವೂ ಆ ಸಂಸಾರದ ಅಂಗಳದಿಂದಲೇ ಕಾಣುತ್ತವೆ.

ಇದನ್ನು ಚಿತ್ರ ಮಾಡಲು 2010ರಲ್ಲಿ ಹೊರಟ ನಿರ್ದೇಶಕ ಸುನಾವೊ ಕತಾಬುಚಿಗೆ ಹಣ ಹೂಡುವವರು ಸಿಗಲಿಲ್ಲ. 2015ರಲ್ಲಿ ಸಾರ್ವಜನಿಕರ ಮುಂದೆ ಕೈಚಾಚಿದಾಗ 3,374 ಜನ ಸೇರಿ ಸುಮಾರು 3.9 ಕೋಟಿ ಯೆನ್ ಕೊಟ್ಟರು. ಚಿತ್ರ 2016ರ ನವೆಂಬರಿನಲ್ಲಿ ಬಂದಿತು. ಮೊದಲಿಗೆ ಕೆಲವೇ ಚಿತ್ರಮಂದಿರಗಳಲ್ಲಿ ತೆರೆಕಂಡರೂ, ಎಲ್ಲಾದರೊಂದು ಕಡೆ ಎಂಬಂತೆ ಸಾವಿರ ದಿನಗಳಿಗೂ ಹೆಚ್ಚು ಕಾಲ ಬಿಡದೆ ಓಡಿತು.

ಆ ಆರು ವರ್ಷಗಳಲ್ಲಿ ಕತಾಬುಚಿ ಮಾಡಿದ ಕೆಲಸ ಇತಿಹಾಸಕಾರನದ್ದು. ರಾತ್ರಿ ಬಸ್ಸುಗಳಲ್ಲಿ ಹಿರೋಶಿಮಾಕ್ಕೆ ಮತ್ತೆ ಮತ್ತೆ ಹೋದರು. ಕಥೆಯ ಒಂದೊಂದು ದಿನ ಮಳೆಯಿತ್ತೇ, ಬಿಸಿಲಿತ್ತೇ, ಬಂದರಿನಲ್ಲಿ ಯಾವ ಹಡಗು ನಿಂತಿತ್ತು ಎಂಬುದನ್ನು ದಾಖಲೆಗಳಲ್ಲಿ ಹುಡುಕಿದರು. ಕುರೆಯಲ್ಲಿ ನೋಡಿಕೊಳ್ಳಲು ಬಹಳಷ್ಟು ಉಳಿದಿತ್ತು: ಬೆಟ್ಟದ ಇಳಿಜಾರಿನ ಮನೆಗಳು, ಹಿಂದಿನ ನೌಕಾಪಡೆ ಆಸ್ಪತ್ರೆಯ ಕಲ್ಲಿನ ಮೆಟ್ಟಿಲು, ಕಡಲಿನತ್ತ ತೆರೆದ ನೋಟ. ಚಿತ್ರ ನೋಡಿ ಕುರೆಗೆ ಬರುವವರು ನಕ್ಷೆ ಹಿಡಿದು ಇವುಗಳನ್ನೆಲ್ಲ ಹತ್ತಿ ಇಳಿಯುತ್ತಾರೆ. ಕಷ್ಟವಿದ್ದದ್ದು ಹಿರೋಶಿಮಾದಲ್ಲಿ. ಚಿತ್ರ ಶುರುವಾಗುವುದು 1933ರ ಡಿಸೆಂಬರಿನಲ್ಲಿ. ಅಣ್ಣನ ಬದಲಿಗೆ ಒಣಗಿಸಿದ ಕಡಲಪಾಚಿಯ ಗಂಟು ಹೊತ್ತು ಬಾಲಕಿ ಸುಜು ಪೇಟೆಗೆ ಬರುತ್ತಾಳೆ. ಆ ಪೇಟೆಯ ಹೆಸರು ನಾಕಾಜಿಮಾ.

ನಾಕಾಜಿಮಾ ಎಂಬ ಪೇಟೆ ಈಗ ಇಲ್ಲ. ಎರಡು ನದಿಗಳ ನಡುವಿನ ಆ ತುದಿಯಲ್ಲಿ ಅಂಗಡಿ, ಚಿತ್ರಮಂದಿರ, ಚಹಾ ಮನೆ, ದೇವಸ್ಥಾನಗಳ ನಡುವೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ವಾಸವಾಗಿದ್ದರು. 1945ರ ಆಗಸ್ಟ್ 6ರ ಬೆಳಗಿನ 8.15ಕ್ಕೆ ಅದೆಲ್ಲ ಮುಗಿಯಿತು. ಯುದ್ಧದ ನಂತರ ಅಲ್ಲಿಗೆ ಮಣ್ಣು ತುಂಬಿಸಿ, ವಾಸ್ತುಶಿಲ್ಪಿ ಕೆನ್ಜೊ ತಾಂಗೆ ಅವರ ವಿನ್ಯಾಸದಂತೆ ಶಾಂತಿ ಸ್ಮಾರಕ ಉದ್ಯಾನ ನಿರ್ಮಿಸಿದರು. ಇಂದು ಅಲ್ಲಿಗೆ ಹೋಗುವವರು ಹುಲ್ಲು, ಮರ, ಸ್ಮಾರಕಗಳನ್ನು ನೋಡಿ, ಬಾಂಬು ಬಿದ್ದದ್ದು ಒಂದು ಉದ್ಯಾನದ ಮೇಲೆ ಎಂಬ ಭಾವನೆ ತಳೆದು ಹಿಂದಿರುಗುವುದುಂಟು. ಹಾಗೆ ಅಂದುಕೊಳ್ಳುವವರಲ್ಲಿ ಜಪಾನೀಯರೂ ಸೇರಿದ್ದಾರೆ. ಅದು ಜನ ತುಂಬಿ ತುಳುಕುತ್ತಿದ್ದ ಪೇಟೆ ಎಂಬುದನ್ನು ಮರೆಸಿದ್ದು ಆ ಸುಂದರವಾದ ಹಸಿರೇ.

ಕತಾಬುಚಿ ಹಳೆಯ ಛಾಯಾಚಿತ್ರಗಳನ್ನು ಕಲೆಹಾಕಿದರು. ಸಾಲದೆ ಬಂದಾಗ ಬದುಕುಳಿದ ಹಳೆಯ ನಿವಾಸಿಗಳನ್ನು ಹುಡುಕಿದರು. ಈ ಮನೆಯ ಪಕ್ಕ ಯಾವ ಅಂಗಡಿ, ಅದರ ಬಾಗಿಲು ಹೇಗಿತ್ತು, ಫಲಕದ ಮೇಲೆ ಏನು ಬರೆದಿತ್ತು ಎಂದು ಕೇಳಿ, ಬರೆದು, ತೋರಿಸಿ, ಅವರು ತಪ್ಪೆಂದಾಗ ಅಳಿಸಿ ಮತ್ತೆ ಬರೆದರು. ತೆರೆಯ ಮೇಲೆ ಕೆಲವೇ ಕ್ಷಣ ಕಾಣುವ ಬೀದಿಗಾಗಿ ಇಷ್ಟು ಶ್ರಮ. ಆ ಪೇಟೆಯಲ್ಲಿ ಒಂದು ಕ್ಷೌರದಂಗಡಿ ಇತ್ತು. ಅದರ ಮಾಲೀಕರ ಮಗ ದಾಳಿಯ ಭಯದಿಂದ ಹಳ್ಳಿಗೆ ಕಳುಹಿಸಲ್ಪಟ್ಟಿದ್ದ ಬಾಲಕ. ಆದ್ದರಿಂದ ಆತನೊಬ್ಬ ಉಳಿದ. ತಂದೆ, ತಾಯಿ, ಒಡಹುಟ್ಟಿದವರು ಉಳಿಯಲಿಲ್ಲ. ವೃದ್ಧರಾಗಿದ್ದ ಅವರು ಹೇಳಿದ್ದನ್ನು ಕೇಳಿಕೊಂಡು ಚಿತ್ರದಲ್ಲಿ ಆ ಅಂಗಡಿಯನ್ನೂ, ಅದರ ಮುಂದೆ ಅವರ ಮನೆಯವರನ್ನೂ ಬರೆದಿದ್ದಾರೆ.

ಆ ದೃಶ್ಯದಲ್ಲಿ ಸುಜು ಬೆನ್ನಿನ ಗಂಟನ್ನು ಸರಿಪಡಿಸಿಕೊಳ್ಳಲು ಒಂದು ಕಟ್ಟಡದ ಗೋಡೆಗೆ ಒರಗುತ್ತಾಳೆ. ಅದು ತಾಯ್ಶೊಯಾ ಎಂಬ ಕಿಮೊನೊ ಬಟ್ಟೆ ಅಂಗಡಿ, 1929ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು. ಆಗ ಮೂರು ಮಹಡಿಯ ಆ ಕಟ್ಟಡ ಊರಿಗೇ ಹೊಸತು. ಯುದ್ಧ ಜೋರಾಗಿ ಬಟ್ಟೆಗೂ ನಿಯಂತ್ರಣ ಬಂದಾಗ ಅಂಗಡಿ ಮುಚ್ಚಿ, 1944ರಲ್ಲಿ ಇಂಧನ ಪಡಿತರದ ಕಚೇರಿಯಾಯಿತು. ಬಾಂಬು ಸಿಡಿದ ಬಿಂದುವಿನಿಂದ ಕೇವಲ 170 ಮೀಟರ್. ಅಂದು ಬೆಳಿಗ್ಗೆ ಅಲ್ಲಿ 37 ಮಂದಿ ಕೆಲಸಕ್ಕೆ ಬಂದಿದ್ದರು. ಕಾಗದಪತ್ರ ತರಲೆಂದು ನೆಲಮಾಳಿಗೆಗೆ ಇಳಿದಿದ್ದ ಒಬ್ಬ ನೌಕರ ಬದುಕಿ, ಬಹಳ ವರ್ಷ ಬಾಳಿದರು. ಚಾವಣಿ ಕುಸಿದರೂ ಕಟ್ಟಡ ನಿಂತಿತು. ಹಳೆಯ ನಾಕಾಜಿಮಾದಲ್ಲಿ ನೆಲದ ಮೇಲೆ ಉಳಿದ ಕಟ್ಟಡವೆಂದರೆ ಇದೊಂದೇ. ನದಿಯ ಆಚೆ ದಡದ ಕೈಗಾರಿಕಾ ಭವನದ ಗುಮ್ಮಟದ ಅಸ್ಥಿಪಂಜರ ವಿಶ್ವಪ್ರಸಿದ್ಧವಾಗಿ 1996ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು. ಬಟ್ಟೆ ಅಂಗಡಿ ಮಾತ್ರ ಪ್ರವಾಸಿಗರು ನೀರು ಕುಡಿದು ದಣಿವಾರಿಸಿಕೊಳ್ಳುವ ವಿಶ್ರಾಂತಿ ಗೃಹವಾಗಿ, ಯಾರ ಗಮನಕ್ಕೂ ಹೆಚ್ಚಾಗಿ ಬೀಳದೆ ನಿಂತಿತ್ತು. ಅದನ್ನು ಕೆಡವುವ ಮಾತೂ ಒಂದು ಕಾಲಕ್ಕೆ ಬಂದಿತ್ತು.

ಚಿತ್ರ ನೋಡಿದವರು ಈಗ ಅದನ್ನು ಹುಡುಕಿಕೊಂಡು ಬರುತ್ತಾರೆ. ಗೋಡೆಗೆ ಬೆನ್ನು ಕೊಟ್ಟು, ಸುಜು ನಿಂತಂತೆ ನಿಲ್ಲುತ್ತಾರೆ. 2020ರ ಜುಲೈನಲ್ಲಿ ಕಟ್ಟಡ ದುರಸ್ತಿಯಾಗಿ ಮತ್ತೆ ತೆರೆಯಿತು. ನೆಲಮಾಳಿಗೆಗೂ ಇಳಿದು ನೋಡಬಹುದು. ಮೇಲೆ ಹಳೆಯ ಪೇಟೆಯ ಕುರಿತ ಪ್ರದರ್ಶನವಿದೆ. ಅಲ್ಲಿಂದ ಹೊರಬಂದು ಉದ್ಯಾನದೊಳಗೆ ದಕ್ಷಿಣಕ್ಕೆ ನಡೆದರೆ, 2022ರ ಮಾರ್ಚ್‌ನಲ್ಲಿ ಆರಂಭವಾದ ಒಂದು ಸಣ್ಣ ಕಟ್ಟಡ ಸಿಗುತ್ತದೆ. ಉದ್ಯಾನದ ಮಣ್ಣು ಅಗೆದಾಗ ಸಿಕ್ಕ ಬೀದಿಯೊಂದರ ತುಂಡು ಅದರೊಳಗಿದೆ. ಅದರ ಪಕ್ಕದಲ್ಲೇ ಮನೆಯೊಂದರ ಪಾಯ, ಸುಟ್ಟು ಕರಿಕಲಾದ ಚಾಪೆ ನೆಲ.